ಥಂಡಿಯಲ್ಲಿ ನಿಂತ ಕೆಂಪು ಕಾರು

ನಡುಗುತ್ತಿರುವುದು ಕಾರೋ ಮಾವನ ಕೈಯೋ ಎಂಬ ತಕರಾರು ನಮ್ಮ ಮನೆಯಲ್ಲಿ ಒಂದು ಬೇಸಿಗೆಯಿಡೀ ನಡೆಯಿತು. ನಾನು ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಸಾಕ್ಷಿಗಳ ಮಾತನ್ನು ಸುಮ್ಮನೆ ನಂಬಬಾರದು ಎಂದು ಹುಡುಗರಿಗೆ ಹೇಳುವವಳು. ಈ ತಕರಾರಿನಲ್ಲಿ ಎರಡು ಸಲ ಸಾಕ್ಷಿ ಹೇಳಿದೆ, ಒಂದಕ್ಕೊಂದು ತಾಳೆಯಾಗಲಿಲ್ಲ.

ಸೋದರಮಾವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಅರವತ್ತು ದಾಟಿದ ಮೇಲೆ, ಅತ್ತೆಯನ್ನು ಕೇಳದೆ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಅಚ್ಚ ಕೆಂಪು ಬಣ್ಣ.

"ಇದರಾಗ ಕುಂದ್ರೂದಲ್ಲ, ಬಾವ್ಯಾಗ ಇಳಿದಂಗ ಇಳೀಬೇಕು" ಎನ್ನುತ್ತ ಅತ್ತೆ, ಕಾರು ಬಂದು ವಾರದ ಮೇಲೆ, ಮೊದಲ ಸಲ ಒಳಗೆ ಕೂತರು. ಮೋಟೆಬೆನ್ನೂರು ದಾಟಿ ಹೆದ್ದಾರಿಯಲ್ಲಿ ವೇಗ ಎಂಬತ್ತು ಮುಟ್ಟುತ್ತಲೇ ಸ್ಟೇರಿಂಗ್ ನಡುಗಿತಂತೆ. ಅತ್ತೆ ನೋಡಿದ್ದು ಸ್ಟೇರಿಂಗನ್ನಲ್ಲ, ಅದನ್ನು ಹಿಡಿದ ಕೈಗಳನ್ನು.

"ನಿಮ್ಮ ಕೈ ನಡಗಾಕತ್ತಾವ್ರಿ."

"ಕೈ ಅಲ್ಲ, ಗಾಲಿ."

"ನಿಮ್ಮಪ್ಪಾರೂ ಹಿಂಗಽ ಅಂತಿದ್ರು. ಕೈ ಅಲ್ಲ, ಚಾದ ಬಸಿ ನಡಗತೈತಿ ಅಂತ."

ಮನೆಗೆ ಬಂದವರೇ ಅತ್ತೆ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಾಲಿಯದೇ ತಪ್ಪೆಂದು ಖಾತ್ರಿಯಾದರೆ ಚಾವಿ ವಾಪಸ್ಸು. ಇಲ್ಲವಾದರೆ ಕಾರಷ್ಟೇ ಅಲ್ಲ, ಸ್ಕೂಟರೂ ಬಂದ್. ಆಮೇಲೆ ಮಾವ ಎಲ್ಲಿಗೆ ಹೋಗುವುದಿದ್ದರೂ ಅಳಿಯನ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅವನ ಭಾಷಣ ಕೇಳುತ್ತಲೇ ಹೋಗಬೇಕು. ಮಾವ ಅದಕ್ಕೆ ನಿಜವಾಗಿಯೂ ಹೆದರಿದ್ದರು.

ಟೈರ್ ಅಂಗಡಿಗೆ ಹೋಗಲು ಮಾತ್ರ, ನಾನು ಜೊತೆಗಿದ್ದರೆ, ಚಾವಿ ಸಿಗುತ್ತಿತ್ತು. ಅಂಗಡಿ ಇದ್ದದ್ದು ರಾಣೆಬೆನ್ನೂರಿನಲ್ಲಿ. ಮೋಟೆಬೆನ್ನೂರಿನ ಆಚೆ ಕಾರು ಗಡಗಡ ನಡುಗಿತು. ರಾಣೆಬೆನ್ನೂರು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ತಣ್ಣಗಾಯಿತು. ಅಂಗಡಿಯವನು ಗಾಲಿಗಳನ್ನು ಬಿಚ್ಚಿ, ಬ್ಯಾಲನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿದ. ತಾನೇ ಒಂದು ಸುತ್ತು ಓಡಿಸಿಯೂ ಬಂದ.

"ಸಾಹುಕಾರ್ರ, ಗಾಲಿ ಸೀದಾ ಅದಾವು. ಬಿ.ಪಿ. ಏನರ ಐತೇನ್ರಿ ನಿಮಗ?"

ಸಂಜೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು. ಮೊದಲು ನಡುಗಿತು, ಆಮೇಲೆ ನಿಂತಿತು ಎಂದೆ.

"ಹಂಗಾರ ಮೊದಲ ಅಂಜ್ಯಾರ, ಆಮ್ಯಾಲ ಧೈರ್ಯಾ ಬಂದೈತಿ."

ಎರಡನೆಯ ಸಲ ಅಂಗಡಿಯವನು ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದ. ಅಷ್ಟರಲ್ಲಿ ನನಗೇ ಅನುಮಾನ ಹತ್ತಿತ್ತು. ನಡುಕವನ್ನು ನಾನು ಅನುಭವಿಸಿದ್ದೆನೋ, ಅಥವಾ "ನೋಡು, ನೋಡು" ಎಂದು ಮಾವ ಕೂಗಿದ್ದಕ್ಕೆ ಹಾಗೆ ಅನಿಸಿತ್ತೋ? ಅತ್ತೆ ಕೇಳಿದಾಗ "ಗೊತ್ತಾಗಲಿಲ್ಲ" ಎಂದುಬಿಟ್ಟೆ.

"ನೀ ನಮ್ಮ ಕಡೆಯಾಕಿ ಅಂತ ತಿಳಕೊಂಡಿದ್ದೆ ಅವ್ವಿ" ಎಂದು ಮಾವ ಮುಖ ತಿರುಗಿಸಿದರು.

ಕೊನೆಗೆ ಅತ್ತೆ ತಾವೇ ಹೊರಟರು. "ಓಡಿಸಾಕಿ ನೀನು" ಎಂದರು ನನಗೆ. ಮಾವ ಕೂಡಲು ಮೂರನೆಯ ಸೀಟಿರಲಿಲ್ಲ. ಅಲ್ಲಿಯವರೆಗೆ ಮಾವನೇ ಕಾರನ್ನು ಮನೆ ಬಾಗಿಲಿಗೆ ತರುತ್ತಿದ್ದರು, ಅದು ಎಲ್ಲಿ ನಿಂತಿರುತ್ತದೆ ಎಂದು ನಾನು ಕಂಡದ್ದು ಅವತ್ತೇ: ಮಾವನ ಪಾಲಿರುವ ಕೋಲ್ಡ್ ಸ್ಟೋರೇಜಿನ ಒಳಗೆ, ಮೆಣಸಿನಕಾಯಿ ಚೀಲಗಳ ಪಕ್ಕ. ಮಾವ ಹಮಾಲರ ನಡುವೆ ನಿಂತು, ಪರೀಕ್ಷೆಗೆ ಹೊರಟ ಮಕ್ಕಳನ್ನು ನೋಡುವ ಹಾಗೆ ನಮ್ಮನ್ನು ನೋಡಿದರು.

ಹೆದ್ದಾರಿಯಲ್ಲಿ ಸ್ಟೇರಿಂಗ್ ನನ್ನ ಕೈಯಲ್ಲಿ ನಡುಗಿತು. ಈ ಸಲ ಅನುಮಾನವಿರಲಿಲ್ಲ. ಅತ್ತೆ ನನ್ನ ಕೈ ನೋಡಿದರು.

"ನಿನಗೂ ಸುರು ಆತೇನ? ನಿಮ್ಮ ಮನೆತನದ್ದಽ ಇದು."

"ಅತ್ತಿ, ನೀವಽ ಹಿಡೀರಿ ಒಂದು ಕೈ."

ಹಿಡಿದರು. ಬಳೆಗಳು ಝಣಝಣ ಎಂದವು. ಹಸಿರು ಬಳೆ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅತ್ತೆ ಕೆಂಪು ಎನ್ನುತ್ತಾರೆ. ಸದ್ದಿನ ಬಗ್ಗೆ ಇಬ್ಬರದೂ ಒಂದೇ ಮಾತು. "ಗಾಡಿ ಹಿಂದಕ್ಕ ತಿರುಗಿಸು" ಎಂದರು ಅತ್ತೆ.

ವಾಪಸು ಬಂದು ಜ್ಯಾಕ್ ಹಚ್ಚಿ ಮುಂದಿನ ಗಾಲಿ ಎತ್ತಿಸಿದೆವು. ಹಮಾಲನೊಬ್ಬ ಗಾಲಿ ತಿರುಗಿಸಿದ. ಚೀಲಕ್ಕೆ ಗುರುತು ಹಾಕುವ ಸುಣ್ಣದ ಕಡ್ಡಿಯನ್ನು ನಾನು ಟೈರಿಗೆ ಸೋಕುವಂತೆ ಅಲುಗದೆ ಹಿಡಿದೆ. ಬಿಳಿ ಗೆರೆ ಸುತ್ತಲೂ ಮೂಡಿತು, ಒಂದು ಅಂಗೈಯಗಲ ಮಾತ್ರ ಮೂಡಲಿಲ್ಲ. ಅಲ್ಲಿ ಟೈರು ಚಪ್ಪಟೆಯಾಗಿತ್ತು. ಇನ್ನೊಂದು ಗಾಲಿಯೂ ಹಾಗೇ.

ರಾಣೆಬೆನ್ನೂರಿನ ಅಂಗಡಿಯವನಿಗೆ ಫೋನ್ ಮಾಡಿದೆ. ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದ. ಹೇಳಿದೆ. "ಅಂಥಾ ಮೆತ್ತನ್ನ ಟೈರು ಥಂಡ್ಯಾಗ ನಿಂತ್ರ ಕೂತಽ ಬಿಡ್ತಾವ್ರಿ. ಓಡಿ ಬಿಸಿ ಆದ ಮ್ಯಾಲ ಮತ್ತ ದುಂಡಗ ಆಗ್ತಾವು. ನನ್ನ ಕಡೆ ಬರೂದ್ರಾಗ ನೆಟ್ಟಗ ಆಗಿರ್ತಿದ್ವು. ಮೊದಲಽ ಹೇಳಬೇಕಿಲ್ಲೇನ್ರಿ?"

ಅತ್ತೆ ಗಂಡನತ್ತ ತಿರುಗಿದರು. "ಕಾರು ಇಲ್ಲ್ಯಾಕ ಇಟ್ರಿ?"

"ಬಿಸಲಿಗೆ ಬಣ್ಣ ಹೋಗತೈತಿ" ಎಂದರು ಮಾವ, ಬ್ಯಾಡಗಿಯಲ್ಲಿ ಇದನ್ನೂ ಬಿಡಿಸಿ ಹೇಳಬೇಕೇ ಎಂಬ ಧಾಟಿಯಲ್ಲಿ. "ಮೆಣಸಿನಕಾಯಿ ಹಂಗ, ಥಂಡ್ಯಾಗ ಇಟ್ರ ಕೆಂಪು ಕೆಂಪಽ ಉಳೀತೈತಿ."

ಹಮಾಲರು ಹೌದೆಂದು ತಲೆದೂಗಿದರು.

ಅಂದಿನಿಂದ ಕಾರು ಮನೆಯ ಮುಂದಿನ ತಗಡಿನ ಕೆಳಗೆ ಬಂತು. ಗಾಳಿ ತುಸು ಜಾಸ್ತಿ ಹಾಕಿಸಿ, ಒಂದು ವಾರ ನಾನೇ ಓಡಿಸಿದೆ. ನಡುಕ ಹೋಯಿತು. ಅತ್ತೆ ಸೊಂಟದಿಂದ ಚಾವಿ ತೆಗೆದು ಗಂಡನ ಮುಂದೆ ಹಿಡಿದರು.

ಮಾವ ಕೈ ಚಾಚಿದರು. ಆ ಕೈ ಸ್ವಲ್ಪ ನಡುಗಿತೇ? ನಡುಗಿತು ಎಂದು ಪ್ರಮಾಣ ಮಾಡಲಾರೆ. ನನ್ನ ಸಾಕ್ಷ್ಯದ ಯೋಗ್ಯತೆ ಈಗಾಗಲೇ ಎಲ್ಲರಿಗೂ ಗೊತ್ತು. ಅತ್ತೆಯಂತೂ ಚಾವಿ ಕೊಡುವಾಗ ಗಂಡನ ಮುಖವನ್ನೇ ನೋಡುತ್ತಿದ್ದರು, ಕೈಯತ್ತ ಕಣ್ಣು ಹಾಯಿಸಲಿಲ್ಲ. "ಲಗೂ ನಡೀರಿ, ರಾಣೆಬೆನ್ನೂರತನಾ ಹೋಗಿ ಬರೂಣು" ಎನ್ನುತ್ತ, ಸೆರಗು ಸಿಕ್ಕಿಸಿ, ಆ ಕೆಂಪು ಬಾವಿಗೆ ಇಳಿದರು.