ಅಂಗಡಿಯ ಕುರ್ಚಿ, ವೈರ್‌ಲೆಸ್ ಕಾರ್ಡು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲಿನ ವ್ಯಾಪಾರ. ಓಣಿಯ ಈಚೆ ಮನೆ, ಆಚೆ ಅಂಗಡಿ. ಡಿಗ್ರಿ ಮುಗಿದ ಮೇಲೆ ನಾನು ಹೊಸ್ತಿಲು ದಾಟಲು ಉಳಿದಿದ್ದುದು ಒಂದೇ ನೆಪ, ಅಂಗಡಿಯ ಕಂಪ್ಯೂಟರ್. ಫೋನ್ ಲೈನು, ಮೋಡೆಮ್ ಎರಡೂ ಅಲ್ಲಿದ್ದವು. ಕಂಚಿಯ ವ್ಯಾಪಾರಿಗಳಿಗೆ ಇಮೇಲ್ ಬರೆಯುವುದು ಮನೆಯಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ದಿನಾ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತು ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಜಗಳ, ದಲ್ಲಾಳಿಗಳ ಸುಳ್ಳು ಕೇಳುತ್ತಿದ್ದೆ. ಅಷ್ಟೇ ನನ್ನ ಪ್ರಪಂಚ. ಅಷ್ಟಾದರೂ ಇತ್ತು.

ನನಗೆ ಗಂಡು ನೋಡಲು ಶುರು ಮಾಡಿದಾಗ ಅಪ್ಪನ ಕಣ್ಣಿಗೆ ಆ ಕುರ್ಚಿ ಚುಚ್ಚತೊಡಗಿತು. ಹೊರದೇಶಕ್ಕೆ ಹೋಗಿಬಂದ ಚಿಕ್ಕಪ್ಪ ಒಂದು ಹಳೆಯ ಲ್ಯಾಪ್‌ಟಾಪ್, ಎರಡು ವೈರ್‌ಲೆಸ್ ಕಾರ್ಡು ತಂದುಕೊಟ್ಟ. ಒಂದು ಅಂಗಡಿಯ ಕಂಪ್ಯೂಟರಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ಓಣಿಯ ಮೇಲೆ ತಂತಿ ಎಳೆಯದೆಯೇ ಎರಡನ್ನೂ ಜೋಡಿಸಲು.

"ಮದ್ವೆಯಾಗೋ ಹುಡ್ಗಿ ಬೀದೀಲಿ ಕೂರೋದು ಯಾಕಣ್ಣ? ನಡುಮನೇಲೇ ಕೂತ್ಕೊಂಡು ಮಾಡ್ಲಿ," ಎಂದ. ಅಪ್ಪನ ಮುಖ ಅರಳಿತು. ನನ್ನ ಬೋನನ್ನು ನನ್ನ ಕೈಯಲ್ಲೇ ಕಟ್ಟಿಸುವ ಏರ್ಪಾಡು.

ಎರಡರಲ್ಲೂ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ನಾನೇ ಹಾಕಿದ್ದು. ಅಂಗಡಿಯ ಕಾರ್ಡು ಮೊದಲ ದಿನವೇ ಮಾತು ಕೇಳಿತು. ಲ್ಯಾಪ್‌ಟಾಪಿನದು ಹಟಮಾರಿ. ಕಾರ್ಡು ತೂರಿಸಿದೊಡನೆ ಯಂತ್ರ ಎರಡು ಸಲ ಕೂಗುತ್ತಿತ್ತು. ಎರಡೂ ಎತ್ತರದ ದನಿಯಲ್ಲಿ ಬಂದರೆ ಆಯಿತೆಂದು ಅರ್ಥ, ಎರಡನೆಯದು ತಗ್ಗಿದರೆ ಇಲ್ಲವೆಂದು. ವಾರಗಟ್ಟಲೆ ತಗ್ಗಿಯೇ ಬಂತು. ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಆ ಭಾಷೆ ರೂಢಿಯಾಯಿತು. ನನಗೆ ಒಳಗೊಳಗೇ ಸಂತೋಷ. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಬೇರೆ ಡ್ರೈವರ್, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಮತ್ತೆ ಅಂಗಡಿಗೇ ಹೋಗಬೇಕಲ್ಲ!

ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ನನ್ನ ಅಣ್ಣ ಶುರು ಮಾಡಿದ. "ಬಿಟ್ಬಿಡಮ್ಮ, ಇದು ಮುದ್ದೆ ಕಟ್ಟಿದಷ್ಟು ಸುಲಭ ಅಲ್ಲ. ಬೆಂಗ್ಳೂರಿಂದ ಯಾರನ್ನಾದ್ರೂ ಕರೆಸ್ತೀನಿ. ನಿನ್ನ ಲಿನಕ್ಸ್ ಕಿತ್ತಾಕಿ ಸರಿ ಮಾಡ್ತಾರೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಣ್ಣನ ಮಾತನ್ನು ನುಂಗಿಕೊಳ್ಳುತ್ತಿದ್ದೆನೇನೋ, ಅಪ್ಪನ ನಗುವನ್ನು ನುಂಗಲಾಗಲಿಲ್ಲ.

"ಯಾರನ್ನೂ ಕರೆಸ್ಬೇಡ," ಎಂದು ಹೊಸ ಡ್ರೈವರನ್ನು ಫ್ಲಾಪಿಗೆ ತುಂಬಿಕೊಂಡು ಮನೆಗೆ ಬಂದೆ. ಹಳೆಯದನ್ನು ಬುಡಸಮೇತ ಕಿತ್ತೆ. ಊಟಕ್ಕೆ ಏಳಲಿಲ್ಲ. ಒಂದೊಂದೇ ತಪ್ಪು ತಿದ್ದಿ ಕಾರ್ಡು ತೂರಿಸಿದೆ. ಎತ್ತರ. ಮತ್ತೆ ಎತ್ತರ.

ಗೆದ್ದೆ ಎಂದುಕೊಂಡೆ. ಮರುಕ್ಷಣವೇ ಹೊಳೆಯಿತು, ಇನ್ನು ಅಂಗಡಿಗೆ ಹೋಗಲು ನೆಪವೇ ಇಲ್ಲ. ಕಾರ್ಡನ್ನು ಕಿತ್ತುಬಿಡಲು ಕೈ ಚಾಚಿದೆ, ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಓಡಿಬಂದಳು. "ಆಯ್ತಲ್ಲೇ!" ಎಂದು ನನ್ನ ಕೆನ್ನೆ ಸವರಿ, ಬಾಗಿಲಿಗೆ ಹೋಗಿ ಅಂಗಡಿಗೆ ಕೇಳುವಂತೆ ಕೂಗಿ ಹೇಳಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ಕೇಳಿದ, "ಎಲ್ಲಿಗಮ್ಮ? ಇನ್ನೇನು ಕೆಲ್ಸ ನಿಂಗೆ ಅಲ್ಲಿ?" ಗದರಲಿಲ್ಲ. ದನಿಯಲ್ಲಿ ಮಮತೆಯೇ ಇತ್ತು. ಗದರಿದ್ದರೆ ತಿರುಗಿ ಜಗಳವಾದರೂ ಆಡುತ್ತಿದ್ದೆ.

ಲ್ಯಾಪ್‌ಟಾಪಿನ ಮುಂದೆ ಕೂತೆ. ಅಂಗಡಿಯಲ್ಲಿ ನನ್ನ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಇಮೇಲ್ ಬಾರದಿದ್ದರೂ, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳಿಸುವುದನ್ನು ಅವನಿಗೆ ನಾನೇ ಹಿಂದೆ ಹೇಳಿಕೊಟ್ಟಿದ್ದೆ. ಓಣಿ ದಾಟಿ ಮೊದಲ ಸಂದೇಶ ನನ್ನ ಪರದೆಗೆ ಬಂತು.

"ನಾಲ್ಕು ಟೀ ಕಳ್ಸು. ಒಂದಕ್ಕೆ ಸಕ್ರೆ ಬೇಡ."

ಟೀ ಕಾಯಿಸಿ ಲೋಟಗಳನ್ನು ತಟ್ಟೆಯಲ್ಲಿಟ್ಟೆ. ಓಣಿ ದಾಟಿಸಿದ್ದು ಅಮ್ಮ. ನಾನು ಹೊಸ್ತಿಲವರೆಗೆ ಹೋಗಿ ತಟ್ಟೆ ಕೊಟ್ಟು ಬಂದೆ.