ಅತ್ತಿಗೆ ಹೊರಗೆ ಹೋಗಿ ಒಳಗೆ ಬಂದದ್ದು

ಟೈಲರ್ ಅಂಗಡಿಯ ಒಡತಿಯನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಮಾತು ಚುಚ್ಚುತ್ತಿತ್ತು, ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವಷ್ಟು ನಾಜೂಕು. ಕೈಕಸೂತಿಯಿಂದ ಕಣ್ಣು ಸೋತ ಮೇಲೆ ಅವಳೊಂದು ಕಸೂತಿ ಮೆಷಿನ್ ಕೊಂಡಳು. ಅದಕ್ಕೆ ಡಿಸೈನ್ ಕಳಿಸಲು ಮೈದುನ ತನ್ನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಟ್ಟ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸೂಜಿ ಟಕಟಕ ಶುರು.

ಅವತ್ತು ಹೋಟೆಲಿನ ಅಡುಗೆಯವನು ಟೋಪಿಯ ಮೇಲೆ ಹೆಸರು ಹಾಕಿಸಿಕೊಳ್ಳಲು ಎದುರಿಗೇ ಕೂತಿದ್ದ. ಸೂಜಿಯಕ್ಕ ಡಿಸೈನ್ ತಿದ್ದಿ ಉಳಿಸಲು ಹೋದರೆ ಪರದೆ ಅನುಮತಿ ಇಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿತು.

"ನನ್ನ ಅಂಗಡಿ, ನನ್ನ ಕಂಪ್ಯೂಟರು. ನನಗೇ ಅನುಮತಿ ಇಲ್ವಾ?" ಮೈದುನನಿಗೆ ಫೋನ್ ಹೋಯಿತು.

ಅವನು ಹೇಳಿದ ಸಾಲು ಟೈಪಿಸಿದಳು. ಫೈಲುಗಳ ಮುಂದೆ ಅವುಗಳ ಯಜಮಾನರ ಹೆಸರು ಬಂತು.

"ರೂಟ್ ಅಂತಿದೆ ಕಣೋ. ಯಾರವನು? ನನ್ನ ಫೈಲಲ್ಲಿ ಅವನಿಗೇನು ಕೆಲಸ?"

"ಅತ್ತಿಗೆ, ಸುಡೋ ಹಾಕಿದ್ರಾ?"

"ನಿನ್ನೆ ಮೆಷಿನ್ನಿಗೆ ಹೊಸ ಕೇಬಲ್ ಸಿಕ್ಕಿಸಿದಾಗ ಇದು ಹಟ ಮಾಡ್ತು. ನೀನು ಹಾಕ್ತಿದ್ದ ಹಾಗೆ ಸಾಲಿನ ಮುಂದೊಂದು ಸುಡೋ ಸೇರಿಸ್ದೆ, ತೆಪ್ಪಗೆ ಕೆಲಸ ಮಾಡ್ತು."

"ಹಾಗೆ ಮಾಡಿದ್ರೆ ನೀವಲ್ಲ, ಇಡೀ ಕಂಪ್ಯೂಟರಿನ ಯಜಮಾನ ಆ ರೂಟೇ ಕೆಲಸ ಮಾಡ್ದಂಗೆ. ಆಗ ಹುಟ್ಟಿದ ಫೈಲೆಲ್ಲ ಅವನ ಹೆಸರಿಗೇ."

ಸೂಜಿಯಕ್ಕ ತುಟಿ ಕಚ್ಚಿಕೊಂಡಳು. ಮೈದುನ ಹೇಳಿದಂತೆ ಟೈಪಿಸಿ ಫೈಲುಗಳನ್ನೆಲ್ಲ ಮತ್ತೆ ತನ್ನ ಹೆಸರಿಗೆ ಮಾಡಿಕೊಂಡಳು. ಡಿಸೈನ್ ಉಳಿಯಿತು. ಮೆಷಿನ್ನಿಗೆ ಕಳಿಸಿದರೆ ಮತ್ತೆ ಅದೇ ರಾಗ.

"ಇದು ಕೇಬಲ್ಲಿಂದು. ಅದನ್ನ ಬಳಸೋರ ಗುಂಪಿಗೆ ನಿಮ್ಮನ್ನ ಸೇರಿಸ್ಬೇಕು," ಎಂದು ಮೈದುನ ಇನ್ನೊಂದು ಸಾಲು ಹೇಳಿದ. ಟೈಪಿಸಿದಳು. ಆದರೂ ಮೆಷಿನ್ ಮಿಸುಕಲಿಲ್ಲ.

"ಸೇರಿದ್ದು ಅದಕ್ಕಿನ್ನೂ ಗೊತ್ತಾಗಿಲ್ಲ. ಒಂದ್ಸಲ ಹೊರಗೆ ಹೋಗಿ ಒಳಗೆ ಬನ್ನಿ ಅತ್ತಿಗೆ."

ಸೂಜಿಯಕ್ಕ ಫೋನ್ ಕಿವಿಗಿಟ್ಟುಕೊಂಡೇ ಎದ್ದಳು. ಚಪ್ಪಲಿ ಮೆಟ್ಟಿ ಬೀದಿಗಿಳಿದಳು, ಒಂದು ನಿಮಿಷ ನಿಂತಳು, ಒಳಗೆ ಬಂದು ಕೂತು ಮತ್ತೆ ಸಾಲು ಟೈಪಿಸಿದಳು. ಅಡುಗೆಯವನು ಕಣ್ಣು ಪಿಳಿಪಿಳಿ ಬಿಟ್ಟ.

"ಬಂದೆ. ಆಗ್ಲಿಲ್ಲ."

"ಎಲ್ಲಿಗೆ ಹೋಗಿದ್ರಿ?"

"ಬೀದಿಗೆ!"

ಆ ಕಡೆಯಿಂದ ಬಹಳ ಹೊತ್ತು ನಗುವೊಂದೇ ಕೇಳಿಸಿತು. "ನೀವಲ್ಲ ಅತ್ತಿಗೆ... ಲಾಗೌಟ್... ಕಂಪ್ಯೂಟರಿಂದ ಹೊರಗೆ!"

ಅವಳ ಮುಖ ಕೆಂಪೇರಿತು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕಳು. ನಗುತ್ತಲೇ ಲಾಗೌಟ್ ಆಗಿ, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ಸುಡೋ ಇಲ್ಲದ ಸಾಲು ಟೈಪಿಸಿದಳು. ಸೂಜಿ ಟೋಪಿಯ ಮೇಲೆ ಮೊದಲ ಅಕ್ಷರ ಬರೆಯತೊಡಗಿತು.

ಅಡುಗೆಯವನು ಮೆಲ್ಲಗೆ ಕೇಳಿದ, "ಅಕ್ಕಾ, ನಾನೂ ಒಂದ್ಸಲ ಹೊರಗೆ ಹೋಗಿ ಬರ್ಬೇಕಾ?"