ಹೆಸರು ಹೇಳಿದರೆ ತೆರೆಯುವ ಬಾಗಿಲು

ಬೆಳಗು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಕ್ಕ ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಕಪ್ಪು ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: "ನಿಮ್ಮ ಲಾಗಿನ್ ಹೆಸರು?" ಅಜ್ಜಿಕತೆಯ ಗುಹೆಯ ಬಾಗಿಲಿನಂತೆ ಇದೂ ಸುಮ್ಮನೆ ತೆರೆಯದು. ಹೆಸರು, ಪಾಸ್‌ವರ್ಡು ಕೊಟ್ಟರೆ ಊರಾಚೆಯ ಪಂಪ್‌ಹೌಸುಗಳ ಕಂಪ್ಯೂಟರುಗಳು ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳುತ್ತವೆ. ಊರು ಹಲ್ಲುಜ್ಜುವ ಹೊತ್ತಿಗೆ ನಲ್ಲಿಯಲ್ಲಿ ನೀರು.

ಹೀಗೆ ಬಾಗಿಲು ತೆರೆಸುವ ಈ ಪುಟ್ಟ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಯನ್ನು, ಬರೆದವರು ಅವರೇ. ಮೊದಲು ಅದರೊಳಗೆ ತಮ್ಮ ಹೆಸರನ್ನೇ ಕೂರಿಸಿದ್ದರು. ಪಾಸ್‌ವರ್ಡು ಪಾಳಿಯವರೆಲ್ಲರ ಬಾಯಲ್ಲಿತ್ತು. ಯಾರು ಏನು ಮಾಡಿದರೂ ದಾಖಲಾಗುತ್ತಿದ್ದುದು ಅಕ್ಕನ ಹೆಸರು. ಅವರು ರಜೆಯಲ್ಲಿದ್ದ ಒಂದು ದಿನ ಗುಡ್ಡದ ಟ್ಯಾಂಕಿನ ವಾಲ್ವನ್ನು ಯಾರೋ ಮುಚ್ಚಿ ಮರೆತರು. "ನೀವೇ ಮುಚ್ಚಿದ್ದು ಅಂತಿದೆಯಲ್ಲಮ್ಮ?" ಎಂದು ಸಾಹೇಬರ ಫೋನು.

"ನಾನು ಆಸ್ಪತ್ರೇಲಿ ಆಪರೇಷನ್ ಆಗಿದ್ದ ಅಮ್ಮನ ಕಣ್ಣಿಗೆ ಔಷಧಿ ಬಿಡ್ತಾ ಇದ್ದೆ. ನನ್ನ ಹೆಸರು ಇಲ್ಲಿ ವಾಲ್ವ್ ಮುಚ್ತಾ ಇತ್ತು!" ಅಕ್ಕ ಈಗ ನಗುತ್ತಾರೆ. ಅಂದು ಸಾಹೇಬರೇನೋ ನಂಬಿದರು, ಗುಡ್ಡದ ಬೀದಿಯವರು ಮಾತ್ರ ಬಹಳ ದಿನ ಅವರನ್ನು ಕಂಡರೆ ಖಾಲಿ ಬಕೆಟ್ ಎತ್ತಿ ತೋರಿಸುತ್ತಿದ್ದರು.

ಮರಳಿ ಬಂದವರೇ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿ, ಸ್ಕ್ರಿಪ್ಟಿಗೆ ಹೆಸರು ಕೇಳುವುದನ್ನು ಕಲಿಸಿದರು. ಆದರೆ ಮನಸ್ಸು ಮೆತ್ತಗೆ ನೋಡಿ, ಬರೆಯಲು ಬೇಜಾರಾದವರು ಬರೀ ಎಂಟರ್ ಒತ್ತಿದರೆ ಮೊದಲಿನಂತೆ ತಮ್ಮ ಹೆಸರೇ ಹೋಗಲಿ ಎಂದು ಬಿಟ್ಟರು. ಹಳೆಯ ಪಾಸ್‌ವರ್ಡನ್ನೂ ಬದಲಿಸಲಿಲ್ಲ. ಆಮೇಲೆ ನೋಡಿದರೆ, ಎಲ್ಲರೂ ಎಂಟರ್ ಒತ್ತುವವರೇ! ಆ ದಾರಿಯನ್ನೂ ಮುಚ್ಚಿ, ಪಾಸ್‌ವರ್ಡು ಬದಲಿಸಿದರು. ಈಗ ಖಾಲಿ ಬಿಟ್ಟರೆ ಅದು ಮತ್ತೆ ಕೇಳುತ್ತದೆ.

"ಅಲ್ಲಕ್ಕಾ, ದಿನಾ ಮುಖ ನೋಡಿದ್ರೂ ಯಾರು ಅಂತ ಕೇಳುತ್ತಲ್ಲ ನಿಮ್ಮ ಪೆಟ್ಟಿಗೆ!" ಮುಂದಿನ ಪಾಳಿಯ ಮೋಟಾರಣ್ಣ ಗೊಣಗುತ್ತಲೇ ಒಳಬರುತ್ತಾರೆ.

"ನಿಮ್ಮತ್ತೆ ಬಾಗಿಲು ತಟ್ಟಿದ್ರೆ ನೀವು ಯಾರು ಅಂತ ಕೇಳಲ್ವಾ ಅಣ್ಣ?"

"ಕೇಳ್ತೀನಿ. ಆಮೇಲೆ ಬಾಗಿಲು ತೆಗೆಯಲ್ಲ, ಅಷ್ಟೇ."

ಮೇಜಿನ ಪಕ್ಕ ಒಂದು ಚೀಲವಿದೆ. ವಾಲ್ವ್ ಮುಚ್ಚಿದ ಆ ದಿನದ ನಂತರ ಅಕ್ಕ ರಜೆ ಹಾಕುತ್ತಿರುವುದು ಇದೇ ಮೊದಲು. ಹೊಸ ಕಣ್ಣಿನ ಅಮ್ಮನಿಗೆ ಸಮುದ್ರ ತೋರಿಸಬೇಕಂತೆ. ಚೀಲ ಹೆಗಲೇರಿದರೂ ಕಾಲು ಹೊಸ್ತಿಲಲ್ಲೇ ನಿಂತಿದೆ, ಕಣ್ಣು ಪರದೆಯ ಮೇಲೆ. ಮೋಟಾರಣ್ಣ ಅಭ್ಯಾಸಬಲದಿಂದ ಎಂಟರ್ ಒತ್ತುತ್ತಾರೆ. ಪರದೆ ಮತ್ತೆ ಕೇಳುತ್ತದೆ. ನಿಟ್ಟುಸಿರು ಬಿಟ್ಟು, ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಾ ತಮ್ಮ ಹೆಸರು ಬರೆಯುತ್ತಾರೆ. ಪಂಪ್‌ಹೌಸು ಒಳಗೆ ಬಿಟ್ಟುಕೊಳ್ಳುತ್ತದೆ.

ಇನ್ನೇನಾಸೆ ಎಂದು ಕೇಳಿದರೆ ಅಕ್ಕ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ: "ದೊಡ್ಡ ಆಸೆ ಏನಿಲ್ಲ. ನಾನು ರಜೆ ಹಾಕಿದ ದಿನ ನನ್ನ ಹೆಸರೂ ನನ್ನ ಜೊತೆ ಬಂದ್ರೆ ಸಾಕು."